ಹಣ ಎಲ್ಲರದು, ಹೆಸರು ಮಾತ್ರ ಒಬ್ಬನದೇಕೆ?

ಮಂಗಳೂರಿನ ದೇರೆಬೈಲ್ ಕೊಂಚಾಡಿಯಿಂದ ಲ್ಯಾಂಡ್‌ಲಿಂಕ್ಸ್‌ವರೆಗೆ, ಇತ್ತ ಕೊಟ್ಟಾರ ಚೌಕಿ, ಅತ್ತ ಕುಂಟಿಕಾನದವರೆಗೆ ಹಂಚಿನ ಮನೆಗಳೂ ತೆಂಗಿನ ಹಿತ್ತಿಲುಗಳೂ ಇದ್ದ ಜಾಗದಲ್ಲಿ ಇವತ್ತು ವಸತಿ ಸಮುಚ್ಚಯಗಳು ಎದ್ದಿವೆ. ಮಹಾನಗರಪಾಲಿಕೆಯ ಒಂದಕ್ಕಿಂತ ಹೆಚ್ಚು ವಾರ್ಡುಗಳು ದೇರೆಬೈಲ್ ಹೆಸರಿಗೆ ದಿಕ್ಕೊಂದನ್ನು ಸೇರಿಸಿಕೊಂಡಿರುವಷ್ಟು ಈ ಊರು ತುಂಬಿದೆ. ಇಂಥ ಕಡೆ ಮನೆ ಕೊಳ್ಳುವುದು ಒಂದು ಸಂಬಳದಲ್ಲಿ ಆಗುವ ಮಾತಲ್ಲ. ಅಪ್ಪನ ನಿವೃತ್ತಿಯ ದುಡ್ಡು, ಹೆಂಡತಿಯ ಬಂಗಾರ, ಗಲ್ಫಿನಲ್ಲಿರುವ ತಮ್ಮ ಕಳಿಸುವ ಹಣ, ಶಾಲೆಯಲ್ಲೋ ಆಸ್ಪತ್ರೆಯಲ್ಲೋ ದುಡಿಯುವ ತಂಗಿಯ ಉಳಿತಾಯ, ಅಮ್ಮ ಬೀಡಿ ಕಟ್ಟಿ ಸಂಘದಲ್ಲಿ ಹಾಕಿಟ್ಟದ್ದು ಎಲ್ಲವೂ ಸೇರಿದ ಮೇಲೆಯೇ ಮುಂಗಡದ ಚೆಕ್ಕು ಬರೆಯಲು ಸಾಧ್ಯ. ಹೀಗೆ ಮನೆಮಂದಿ ಕೈಜೋಡಿಸುವುದರ ವಿರುದ್ಧ ನನ್ನದೇನೂ ತಕರಾರಿಲ್ಲ, ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಅಲೆಯುವ ಕುಟುಂಬಕ್ಕೆ ಬೇರೆ ದಾರಿಯೂ ಕಡಿಮೆ. ನಾನು ಖಂಡಿಸುವುದು ಅದರ ಬೆನ್ನಿಗೇ ಹಿರಿಯರು, ನೆಂಟರು, ಎಷ್ಟೋ ಸಲ ವ್ಯವಹಾರ ಬಲ್ಲವರು ಕೂಡ ಕೊಡುವ ಒಂದು ಸಲಹೆಯನ್ನು. ಹಣ ಎಲ್ಲರೂ ಹಾಕಿ, ಆದರೆ ರಿಜಿಸ್ಟ್ರೇಷನ್ ಒಬ್ಬನ ಹೆಸರಲ್ಲೇ ಇರಲಿ. ಹೆಸರು ಜಾಸ್ತಿಯಾದರೆ ತಲೆನೋವು ಜಾಸ್ತಿ. ಮನೆಯೊಳಗಿನವರಿಗೆ ಲೆಕ್ಕಪತ್ರ ಯಾಕೆ ಎಂಬ ಈ ಮಾತು ವಿವೇಕದ ಮಾತಾಗಿ ಚಲಾವಣೆಯಲ್ಲಿದೆ. ಅದು ವಿವೇಕವಲ್ಲ. ಮನೆಗಾಗಿ ದುಡಿದ ಹೆಚ್ಚಿನವರನ್ನು ಮನೆಯ ಹಕ್ಕಿನಿಂದ ಹೊರಗಿಡುವ ವ್ಯವಸ್ಥೆ ಅದು, ಯಾರೂ ಕೆಟ್ಟವರಾಗದೆಯೂ ಅದು ತನ್ನ ಕೆಲಸ ಮಾಡಿಬಿಡುತ್ತದೆ.

ಮೊದಲು ಲೆಕ್ಕವನ್ನೇ ನೋಡೋಣ. ಉದಾಹರಣೆಗೆ 60 ಲಕ್ಷ ರೂಪಾಯಿಯ ಒಂದು ಫ್ಲ್ಯಾಟ್ ಎಂದಿಟ್ಟುಕೊಳ್ಳಿ. 30 ಲಕ್ಷಕ್ಕಿಂತ ಮೇಲೆ 75 ಲಕ್ಷದವರೆಗಿನ ಗೃಹಸಾಲಕ್ಕೆ ರಿಸರ್ವ್ ಬ್ಯಾಂಕು ಹಾಕಿರುವ ಮಿತಿ ಮನೆಯ ಮೌಲ್ಯದ ಶೇ. 80. ಅಂದರೆ 48 ಲಕ್ಷ ಸಾಲ, ಉಳಿದ 12 ಲಕ್ಷ ಕೈಯಿಂದ. ಮುದ್ರಾಂಕ ಶುಲ್ಕ, ನೋಂದಣಿ ಶುಲ್ಕಗಳು ಈ ಲೆಕ್ಕದಲ್ಲಿ ಸೇರುವುದಿಲ್ಲ. ಕರ್ನಾಟಕದಲ್ಲಿ ಈ ಬೆಲೆಯ ಮನೆಗೆ ಮುದ್ರಾಂಕ ಶೇ. 5, ಅದರ ಮೇಲೆ ಸೆಸ್ ಮತ್ತು ಸರ್ಚಾರ್ಜ್, 2025ರ ಆಗಸ್ಟ್ ಕೊನೆಯಿಂದ ನೋಂದಣಿ ಶುಲ್ಕ ಶೇ. 2. ಎಲ್ಲ ಸೇರಿ ಸುಮಾರು ನಾಲ್ಕೂವರೆ ಲಕ್ಷ. ಹಾಗಾಗಿ ಕೀಲಿಕೈ ಕೈಗೆ ಬರುವ ಮೊದಲೇ ಮನೆಯವರು ಹೊಂದಿಸಬೇಕಾದ ಹಣ 16 ಲಕ್ಷ ದಾಟುತ್ತದೆ. ಈ 16 ಲಕ್ಷದಲ್ಲಿ ಅಪ್ಪನ ಗ್ರಾಚ್ಯುಟಿ ಎಷ್ಟು, ಬಂಗಾರ ಎಷ್ಟು, ದುಬೈಯಿಂದ ಬಂದದ್ದೆಷ್ಟು ಎಂಬುದು ಆ ದಿನ ಮನೆಯ ಎಲ್ಲರಿಗೂ ಬಾಯಿಪಾಠ. ಮುಂದೆ 48 ಲಕ್ಷಕ್ಕೆ ಶೇ. 8.5ರ ಬಡ್ಡಿಯಲ್ಲಿ 20 ವರ್ಷದ ಕಂತು ತಿಂಗಳಿಗೆ ಸುಮಾರು 41,650 ರೂಪಾಯಿ. ಇಪ್ಪತ್ತು ವರ್ಷದಲ್ಲಿ ಕಟ್ಟುವ ಒಟ್ಟು ಮೊತ್ತ ಹತ್ತಿರ ಹತ್ತಿರ ಒಂದು ಕೋಟಿ. ಅಷ್ಟು ದೀರ್ಘ ಕಾಲ ಗಂಡನ ಸಂಬಳ ಕಂತಿಗೆ ಹೋಗುತ್ತದೆ, ಹೆಂಡತಿಯ ಸಂಬಳ ದಿನಸಿಗೆ, ಮಕ್ಕಳ ಫೀಸಿಗೆ, ಕರೆಂಟ್ ಬಿಲ್ಲಿಗೆ ಹೋಗುತ್ತದೆ. ದಾಖಲೆಯಲ್ಲಿ ಮನೆ ಕಟ್ಟಿದವನು ಗಂಡ. ಆಕೆಯ ದುಡ್ಡಿಲ್ಲದೆ ಅವನ ಸಂಬಳ ಕಂತಿಗೆ ಉಳಿಯುತ್ತಲೇ ಇರಲಿಲ್ಲ ಎಂಬುದಕ್ಕೆ ಯಾವ ರಶೀದಿಯೂ ಇರುವುದಿಲ್ಲ.

ಹೆಸರು ಬೇಡ ಎನ್ನುವವರು ಬ್ಯಾಂಕಿನ ಮೇಜಿನ ಮುಂದೆ ಎಲ್ಲರ ಹೆಸರನ್ನೂ ಬರೆಸುತ್ತಾರೆ ಎಂಬುದನ್ನು ಗಮನಿಸಬೇಕು. ಒಬ್ಬನ ಸಂಬಳಕ್ಕೆ ಸಿಗುವ ಸಾಲ ಸಾಲದೆ ಬಂದಾಗ ಹೆಂಡತಿಯ, ಅಪ್ಪನ, ಕೆಲವೊಮ್ಮೆ ತಮ್ಮನ ಸಂಬಳದ ಚೀಟಿ, ಬ್ಯಾಂಕ್ ಸ್ಟೇಟ್‌ಮೆಂಟ್, ಐ.ಟಿ. ರಿಟರ್ನ್ಸ್ ಎಲ್ಲ ಅರ್ಜಿಗೆ ಸೇರುತ್ತವೆ. ಅವರು ಸಹ ಅರ್ಜಿದಾರರಾಗಿ ಪುಟ ಪುಟಕ್ಕೂ ಸಹಿ ಹಾಕುತ್ತಾರೆ. ಆ ಸಹಿಯ ಅರ್ಥ ಇಷ್ಟು: ಸಾಲ ಪೂರ್ತಿಯಾಗಿ ಪ್ರತಿಯೊಬ್ಬರ ತಲೆಯ ಮೇಲೂ ಇದೆ, ಕಂತು ತಪ್ಪಿದರೆ ಬ್ಯಾಂಕು ಯಾರನ್ನು ಬೇಕಾದರೂ ಹಿಡಿಯಬಹುದು, ಎಲ್ಲರ ಸಿಬಿಲ್ ಅಂಕವೂ ಕೆಡುತ್ತದೆ, ನಾಳೆ ಆ ತಮ್ಮ ತನ್ನದೇ ಮನೆಗೆ ಸಾಲ ಕೇಳಿದರೆ ಈ ಸಾಲವೂ ಅವನ ಲೆಕ್ಕದಲ್ಲಿ ಕೂತಿರುತ್ತದೆ. ಸಹಮಾಲೀಕರೆಲ್ಲ ಸಾಲಕ್ಕೆ ಸಹಿ ಹಾಕಬೇಕೆಂದು ಬ್ಯಾಂಕುಗಳು ಸಾಮಾನ್ಯವಾಗಿ ಕೇಳುತ್ತವೆ, ಸಾಲಕ್ಕೆ ಸಹಿ ಹಾಕಿದವರೆಲ್ಲ ಮಾಲೀಕರಾಗಬೇಕೆಂದು ಕೇಳುವುದಿಲ್ಲ. ತೆರಿಗೆಯಲ್ಲೂ ಇದೇ ಕಥೆ. ಹಳೆಯ ತೆರಿಗೆ ಪದ್ಧತಿಯಲ್ಲಿ ವಾಸದ ಮನೆಯ ಸಾಲದ ಬಡ್ಡಿಗೆ ವರ್ಷಕ್ಕೆ 2 ಲಕ್ಷದವರೆಗೆ ಸಿಗುವ ರಿಯಾಯಿತಿ ಪ್ರತಿಯೊಬ್ಬ ಸಹಮಾಲೀಕನಿಗೂ ಪ್ರತ್ಯೇಕವಾಗಿ ಸಿಗುತ್ತದೆ; ಸಾಲ ತೀರಿಸುತ್ತಿದ್ದರೂ ಮಾಲೀಕನಲ್ಲದವನಿಗೆ ಸಿಗುವುದಿಲ್ಲ. ಒಂದು ಹೆಸರಿನ ಮನೆ ಲಾಭದ ವ್ಯವಹಾರ ಎಂಬ ನಂಬಿಕೆಗೆ ಇಲ್ಲಿಯೂ ಆಧಾರವಿಲ್ಲ. ಇನ್ನೊಂದು ಮಾತು: ಕ್ರಯಪತ್ರದಲ್ಲಿ ಕೊಳ್ಳುವವರ ಹೆಸರು ಒಂದಿರಲಿ ನಾಲ್ಕಿರಲಿ, ಮುದ್ರಾಂಕ ಶುಲ್ಕ ಒಂದೇ. ಹೆಸರು ಸೇರಿಸಲು ಆ ದಿನ ಬೇಕಾದದ್ದು ನಾಲ್ಕು ಸಾಲಿನ ಬರಹ ಮಾತ್ರ.

ಆ ನಾಲ್ಕು ಸಾಲನ್ನು ಬಿಟ್ಟರೆ ಆಗುವುದೇನು? ಅಣ್ಣತಮ್ಮಂದಿರ ವಿಷಯದಲ್ಲಿ ಉತ್ತರ ಬಹಳ ಕಠಿಣವಾಗಿದೆ. 1988ರ ಬೇನಾಮಿ ವ್ಯವಹಾರ ನಿಷೇಧ ಕಾಯ್ದೆಯ ಪ್ರಕಾರ, ಬೇರೊಬ್ಬರ ಹೆಸರಲ್ಲಿರುವ ಆಸ್ತಿಯ ನಿಜವಾದ ಒಡೆಯ ತಾನು ಎಂದು ಹೇಳಿಕೊಂಡು ದಾವೆ ಹೂಡಲು ಬರುವುದಿಲ್ಲ. 2016ರ ನವೆಂಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿ ಕುಟುಂಬಕ್ಕೆ ಕೆಲವು ವಿನಾಯಿತಿ ಕೊಟ್ಟಿದೆ. ತಿಳಿದ ಮೂಲದ ಹಣದಿಂದ ಗಂಡ ಹೆಂಡತಿಯ ಅಥವಾ ಹೆಂಡತಿ ಗಂಡನ ಹೆಸರಲ್ಲಿ ಕೊಂಡರೆ, ತಂದೆತಾಯಿ ಮಕ್ಕಳ ಹೆಸರಲ್ಲಿ ಕೊಂಡರೆ ಅದು ಬೇನಾಮಿಯಲ್ಲ. ಒಡಹುಟ್ಟಿದವರ ಹೆಸರಲ್ಲಿ, ತಂದೆತಾಯಿಯ ಹೆಸರಲ್ಲಿ ಕೊಂಡರೆ ಮಾತ್ರ ಒಂದು ಷರತ್ತು ಉಂಟು: ಹಣ ಕೊಟ್ಟವನ ಹೆಸರೂ ಯಾವುದಾದರೂ ದಾಖಲೆಯಲ್ಲಿ ಸಹಮಾಲೀಕ ಎಂದು ಇರಬೇಕು. ಗಲ್ಫಿನಿಂದ ಹಣ ಕಳಿಸಿ ಅಣ್ಣನ ಹೆಸರಲ್ಲಿ ಮನೆ ಮಾಡಿಸಿದ ತಮ್ಮ ಈ ಷರತ್ತಿನ ಹೊರಗೆ ನಿಲ್ಲುತ್ತಾನೆ. ಮನೆಗೆ ನಾನೂ ಹಣ ಹಾಕಿದ್ದೇನೆ, ನನಗೂ ಪಾಲುಂಟು ಎಂಬ ಅವನ ವಾದವೇ ಅವನಿಗೆ ಮುಳುವಾಗಬಹುದು. ಬೇನಾಮಿ ಎಂದು ತೀರ್ಮಾನವಾದರೆ ಆಸ್ತಿ ಮುಟ್ಟುಗೋಲು, ಒಂದರಿಂದ ಏಳು ವರ್ಷದ ಕಠಿಣ ಸಜೆ, ಮಾರುಕಟ್ಟೆ ಮೌಲ್ಯದ ಶೇ. 25ರವರೆಗೆ ದಂಡ ಎಂದು ಕಾಯ್ದೆ ಹೇಳುತ್ತದೆ. ಇನ್ನು ಮಾವ–ಅಳಿಯಂದಿರ ಸಂಬಂಧ ಆ ವಿನಾಯಿತಿಯ ಪಟ್ಟಿಯಲ್ಲೇ ಇಲ್ಲ. ಸೋದರಮಾವ ಅಕ್ಕನ ಮಗನ ಹೆಸರಲ್ಲಿ, ಅಳಿಯ ಮಾವನ ಹೆಸರಲ್ಲಿ ಜಾಗ ಮಾಡುವುದು ಸಹಜವೆಂದು ಭಾವಿಸುವ ತುಳುನಾಡಿನಲ್ಲಿ ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ.

ಹಿಂದೂ ಅವಿಭಕ್ತ ಕುಟುಂಬವಲ್ಲವೇ, ಕೋರ್ಟು ಹೇಗೂ ಎಲ್ಲರಿಗೂ ಪಾಲು ಕೊಡುತ್ತದೆ ಎಂದು ಧೈರ್ಯ ಹೇಳುವವರಿದ್ದಾರೆ. ಕುಟುಂಬ ಒಟ್ಟಿಗಿದ್ದ ಮಾತ್ರಕ್ಕೆ ಅದರ ಸದಸ್ಯನ ಹೆಸರಿನ ಆಸ್ತಿ ಒಟ್ಟು ಆಸ್ತಿಯೆಂದು ಊಹಿಸಲಾಗದು, ಆ ಆಸ್ತಿ ಹುಟ್ಟಲು ಸಾಕಾಗುವಷ್ಟು ಕುಟುಂಬದ ಮೂಲನಿಧಿ ಇತ್ತೆಂದು ಪಾಲು ಕೇಳುವವನೇ ಮೊದಲು ಸಾಬೀತು ಮಾಡಬೇಕು ಎಂದು ಸುಪ್ರೀಂ ಕೋರ್ಟು 1954ರಲ್ಲೇ ಹೇಳಿದೆ, ಅಂದಿನಿಂದ ಅದನ್ನೇ ಹೇಳುತ್ತ ಬಂದಿದೆ. ಸಂಬಳ ಮತ್ತು ಬ್ಯಾಂಕ್ ಸಾಲದಿಂದ ಕೊಂಡ ಫ್ಲ್ಯಾಟಿಗೆ ಮೂಲನಿಧಿ ತೋರಿಸುವುದು ಎಲ್ಲಿಂದ? ದೇರೆಬೈಲಿನ ಕ್ರೈಸ್ತ ಕುಟುಂಬಗಳಿಗೆ, ಬ್ಯಾರಿ ಕುಟುಂಬಗಳಿಗೆ ಈ ನೆಪವೂ ಇಲ್ಲ. ಅವರ ವೈಯಕ್ತಿಕ ಕಾನೂನಿನಲ್ಲಿ ಅವಿಭಕ್ತ ಕುಟುಂಬದ ಆಸ್ತಿ ಎಂಬ ಪರಿಕಲ್ಪನೆಯೇ ಇಲ್ಲ.

ಈ ಚರ್ಚೆಯಲ್ಲಿ ಮೋಸ, ದ್ರೋಹದ ಮಾತು ಬೇಗ ಬಂದುಬಿಡುತ್ತದೆ. ನಮ್ಮಣ್ಣ ಹಾಗೆ ಮಾಡುವವನಲ್ಲ ಎಂಬಲ್ಲಿಗೆ ಮಾತು ಮುಗಿದೂ ಬಿಡುತ್ತದೆ. ಅಣ್ಣ ಒಳ್ಳೆಯವನೇ ಎಂದು ಒಪ್ಪೋಣ. ಆ ಒಳ್ಳೆಯವನು ಉಯಿಲು ಬರೆಯದೆ ತೀರಿಕೊಂಡರೆ? ಅವನು ಹಿಂದೂ ಆಗಿದ್ದರೆ 1956ರ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಮನೆ ಹೋಗುವುದು ಹೆಂಡತಿ, ಮಕ್ಕಳು ಮತ್ತು ತಾಯಿಗೆ. ತಂದೆ ಮೊದಲ ವರ್ಗದ ವಾರಸುದಾರನಲ್ಲ. ಪಣಂಬೂರಿನ ಬಂದರಿನಲ್ಲೋ ಕುದುರೆಮುಖ ಕಂಪನಿಯಲ್ಲೋ ಮೂವತ್ತು ವರ್ಷ ದುಡಿದು ಬಂದ ಹಣವನ್ನೆಲ್ಲ ಮಗನ ಫ್ಲ್ಯಾಟಿಗೆ ಸುರಿದ ತಂದೆಗೆ ಆ ಮನೆಯಲ್ಲಿ ಒಂದು ಪೈಸೆಯ ಪಾಲೂ ಇಲ್ಲ. ಕ್ರೈಸ್ತನಾಗಿದ್ದರೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಮೂರನೆಯ ಒಂದು ಭಾಗವನ್ನು ಹೆಂಡತಿಗೆ, ಉಳಿದದ್ದನ್ನು ಮಕ್ಕಳಿಗೆ ಕೊಡುತ್ತದೆ. ಮಕ್ಕಳಿರುವಾಗ ತಂದೆತಾಯಿ ಇಬ್ಬರಿಗೂ ಇಲ್ಲ. ಮುಸ್ಲಿಮನಾಗಿದ್ದರೆ ತಂದೆಗೂ ತಾಯಿಗೂ ತಲಾ ಆರನೆಯ ಒಂದು ಭಾಗ ಉಂಟು, ಆದರೆ ಗಂಡುಮಗನಿದ್ದಲ್ಲಿ ಸತ್ತವನ ಒಡಹುಟ್ಟಿದವರಿಗಿಲ್ಲ. ಮೂರು ಧರ್ಮದ ಮೂರು ಕಾನೂನು, ಹಣ ಹಾಕಿದ ತಮ್ಮ ಮಾತ್ರ ಮೂರರಲ್ಲೂ ಹೊರಗೆ. ಅತ್ತಿಗೆಗೆ ಆ ಹಣದ ವಿಷಯ ತಿಳಿದಿಲ್ಲದಿರಬಹುದು, ತಿಳಿದಿದ್ದರೂ ಚಿಕ್ಕ ಮಕ್ಕಳ ಪಾಲನ್ನು ಅವಳು ಸುಮ್ಮನೆ ಬಿಟ್ಟುಕೊಡಲು ಕಾನೂನೇ ಬಿಡುವುದಿಲ್ಲ. ಇಲ್ಲಿ ಯಾರನ್ನು ದ್ರೋಹಿ ಎನ್ನುವುದು? ಅಣ್ಣ ಸ್ನೇಹಿತನ ವ್ಯಾಪಾರಕ್ಕೆ ಜಾಮೀನು ನಿಂತು ಆ ವ್ಯಾಪಾರ ಮುಳುಗಿದರೂ ಹೀಗೇ. ಸಾಲ ಕೊಟ್ಟವನು ಅಣ್ಣನ ಹೆಸರಿನ ಮನೆಯನ್ನು ಜಪ್ತಿಗೆ ತಂದಾಗ, ಇದರಲ್ಲಿ ಅರ್ಧ ನಮ್ಮದು ಎಂಬ ಮಾತನ್ನು ಕೋರ್ಟು ಯಾವ ಕಾಗದದ ಮೇಲೆ ನಂಬಬೇಕು? ಸಹಮಾಲೀಕತ್ವ ಇದ್ದಲ್ಲಿ ಜಪ್ತಿಯಾಗುವುದು ಅವನ ಪಾಲು ಮಾತ್ರ.

ಹೆಂಗಸರ ವಿಷಯವನ್ನು ಬೇರೆಯಾಗಿಯೇ ಹೇಳಬೇಕು, ಏಕೆಂದರೆ ಈ ಸಲಹೆಯ ಭಾರ ಹೆಚ್ಚು ಬೀಳುವುದು ಅವರ ಮೇಲೆ. ಮುಂಗಡಕ್ಕೆ ಹಣ ಸಾಲದೆ ಬಂದಾಗ ಮೊದಲು ಹೊರಬರುವುದು ಕಪಾಟಿನ ಬಂಗಾರ. ಕರಿಮಣಿ ಒಂದನ್ನು ಉಳಿಸಿ ಇಪ್ಪತ್ತೋ ಮೂವತ್ತೋ ಪವನು ಮಾರಿದ್ದು ಗಂಡನ ಖಾತೆಗೆ ಬಿದ್ದ ಕ್ಷಣದಿಂದ ಅದು ಗಂಡನ ಹಣ. ಸ್ತ್ರೀಧನ ಹೆಂಡತಿಯ ಸಂಪೂರ್ಣ ಸ್ವತ್ತು ಎಂದು ಸುಪ್ರೀಂ ಕೋರ್ಟು 1985ರಲ್ಲೇ ಹೇಳಿದೆ. ಆದರೂ ಕೇರಳದ ಮಹಿಳೆಯೊಬ್ಬರು 2003ರಲ್ಲಿ ಮದುವೆಯಾದಾಗ ತಂದ 89 ಪವನು ಗಂಡನ ಮನೆಯವರ ಸಾಲಕ್ಕೆ ಹೋದದ್ದಕ್ಕೆ ಪರಿಹಾರವಾಗಿ 25 ಲಕ್ಷ ರೂಪಾಯಿಯ ಆದೇಶ ಪಡೆಯಲು 2024ರ ಏಪ್ರಿಲ್‌ವರೆಗೆ, ಸುಪ್ರೀಂ ಕೋರ್ಟಿನವರೆಗೆ ಹೋಗಬೇಕಾಯಿತು. ಹಕ್ಕು ಇದ್ದೂ ಅದನ್ನು ರುಜುವಾತು ಮಾಡುವಷ್ಟರಲ್ಲಿ ಎರಡು ದಶಕ ಕಳೆದವು. ಗಂಡನ ಮನೆಯಲ್ಲಿ ವಾಸಿಸುವ ಹಕ್ಕನ್ನು 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಕೊಟ್ಟಿದೆ ನಿಜ, ಆದರೆ ವಾಸದ ಹಕ್ಕು ಒಡೆತನವಲ್ಲ. ಆ ಮನೆಯನ್ನು ಅವಳು ಅಡವಿಡಲಾರಳು, ಮಾರಲಾರಳು, ಮಗಳಿಗೆ ಬರೆದುಕೊಡಲಾರಳು. 1956ರ ಕಾಯ್ದೆಯ 23ನೇ ಕಲಮು ನೆನಪಿಸಿಕೊಳ್ಳಬೇಕು. ಮನೆಯವರೇ ವಾಸಿಸುವ ಮನೆಯಲ್ಲಿ ಗಂಡು ವಾರಸುದಾರರು ಪಾಲು ಮಾಡಿಕೊಳ್ಳಲು ಮನಸ್ಸು ಮಾಡುವವರೆಗೆ ಹೆಣ್ಣು ವಾರಸುದಾರರು ಪಾಲು ಕೇಳುವಂತಿಲ್ಲ ಎಂದಿದ್ದ ಆ ಕಲಮನ್ನು ತೆಗೆದುಹಾಕಲು 2005ರವರೆಗೆ ಕಾಯಬೇಕಾಯಿತು. ಕಾನೂನು ಕೈಬಿಟ್ಟ ಆ ತಾರತಮ್ಯವನ್ನು ಒಂದೇ ಹೆಸರಿನ ಸಲಹೆ ಹಿಂಬಾಗಿಲಿನಿಂದ ಮತ್ತೆ ಒಳಕ್ಕೆ ತರುತ್ತಿದೆ. ಬಡವರಿಗೆ ಮನೆ ಕೊಡುವ 2015ರ ಪ್ರಧಾನಮಂತ್ರಿ ಆವಾಸ್ ಯೋಜನೆ ಮನೆಯೊಡತಿಯ ಹೆಸರನ್ನು ದಾಖಲೆಯಲ್ಲಿ ಕಡ್ಡಾಯವಾಗಿ ಕೇಳಿತು. ಸರಕಾರದ ಹಣಕ್ಕೆ ಒಪ್ಪುವ ಈ ನಿಯಮ ಹೆಂಡತಿಯ ಸ್ವಂತ ಹಣಕ್ಕೆ ಯಾಕೆ ಒಪ್ಪಬಾರದು?

ಈಗ ಎದುರು ವಾದಗಳಲ್ಲಿ ಬಲವಾದದ್ದನ್ನು ನೋಡೋಣ. ಒಟ್ಟು ಒಡೆತನದ ಕಷ್ಟ ಏನೆಂದು ಕರಾವಳಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ ಎನ್ನುತ್ತಾರೆ ಹಿರಿಯರು. ಅಳಿಯಸಂತಾನದ ಕುಟುಂಬಗಳ ತರವಾಡು ಮನೆಗಳು ಹತ್ತಾರು ಪಾಲುದಾರರ ನಡುವೆ ಸಿಕ್ಕಿ ಮಾಡು ಕುಸಿದು ನಿಂತದ್ದನ್ನು, ರಿಪೇರಿಗೆ ಯಾರೂ ಕೈಹಾಕದೆ ಹುತ್ತ ಬೆಳೆದದ್ದನ್ನು ಕಂಡವರ ಮಾತಿದು, ಅದನ್ನು ತಳ್ಳಿಹಾಕಲಾಗದು. ಆದರೆ ಆ ವ್ಯವಸ್ಥೆಯಲ್ಲಿದ್ದ ದೋಷ ಯಾವುದು? ಸಾಂಪ್ರದಾಯಿಕ ಅಳಿಯಸಂತಾನದಲ್ಲಿ ಆಸ್ತಿ ಕುಟುಂಬದ್ದು, ಆಡಳಿತ ಯಜಮಾನನದು ಅಥವಾ ಯಜಮಾನ್ತಿಯದು. ಯಾರೊಬ್ಬನಿಗೂ ಇಷ್ಟು ಎಂಬ ಗೊತ್ತಾದ ಪಾಲಿರಲಿಲ್ಲ, ಎಲ್ಲರ ಒಪ್ಪಿಗೆಯಿಲ್ಲದೆ ಪಾಲು ಕೇಳುವ ಹಕ್ಕೂ ಇರಲಿಲ್ಲ. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಬಂದ ಮೇಲೆ ಕವರು ಎನ್ನುವ ಕುಟುಂಬದ ಶಾಖೆಗಳಿಗೆ ಪಾಲು ಕೇಳುವ ಹಕ್ಕು ಸಿಕ್ಕಿತು, 1956ರ ಕಾಯ್ದೆ ಆ ಅವಿಭಕ್ತ ಹಿತಾಸಕ್ತಿಯನ್ನು ವಾರಸುದಾರರಿಗೆ ಹೋಗುವಂತೆ ಮಾಡಿತು. ಅಷ್ಟರಲ್ಲಿ ತಲೆಮಾರುಗಳ ಅಸ್ಪಷ್ಟತೆ ಬೆಳೆದು ನಿಂತಿತ್ತು. ಅಂದರೆ ತರವಾಡು ಹಾಳಾದದ್ದು ಹೆಸರು ಹೆಚ್ಚಿದ್ದರಿಂದಲ್ಲ, ಯಾರ ಪಾಲು ಎಷ್ಟು ಎಂಬುದು ಬರಹದಲ್ಲಿ ಇಲ್ಲದೇ ಹೋದದ್ದರಿಂದ. ಇಂದಿನ ಒಂದು ಹೆಸರಿನ ಫ್ಲ್ಯಾಟು ಅದೇ ದೋಷವನ್ನು ಇನ್ನೂ ಕೆಟ್ಟ ರೂಪದಲ್ಲಿ ಮುಂದುವರಿಸುತ್ತದೆ. ತರವಾಡಿನಲ್ಲಿ ಕಡೇಪಕ್ಷ ಜೀವನಾಂಶದ ಹಕ್ಕು ಎಲ್ಲರಿಗೂ ಇತ್ತು, ಅಕ್ಕತಂಗಿಯರ ಮೂಲಕವೇ ವಂಶ ಎಣಿಸುವ ಕ್ರಮವಿದ್ದುದರಿಂದ ಹೆಣ್ಣುಮಕ್ಕಳ ಸ್ಥಾನ ಗಟ್ಟಿಯಿತ್ತು.

ಇದಕ್ಕಿಂತ ಹತ್ತಿರದ ಸಾಕ್ಷಿ ಭೂಸುಧಾರಣೆಯದು. 1974ರ ಮಾರ್ಚ್ 1ರಿಂದ ಜಾರಿಯಾದ ತಿದ್ದುಪಡಿಯಿಂದ ಗೇಣಿದಾರರು ತಾವು ಉಳುತ್ತಿದ್ದ ನೆಲಕ್ಕೆ ಅಧಿಭೋಗದಾರರಾಗಲು ನಮೂನೆ 7ರಲ್ಲಿ ಅರ್ಜಿ ಸಲ್ಲಿಸಬೇಕಾಗಿತ್ತು. ಕೊನೆಯ ಗಡುವು 1979ರ ಜೂನ್ 30. ದಕ್ಷಿಣ ಕನ್ನಡದಲ್ಲಿ ಡಿಕ್ಲರೇಶನ್ ಎಂದೇ ಜನ ಕರೆಯುವ ಆ ಅರ್ಜಿಯನ್ನು ಎಷ್ಟೋ ಮನೆಗಳಲ್ಲಿ ಹಾಕಿದ್ದು ಓದುಬರಹ ಬಲ್ಲ, ತಾಲೂಕು ಕಚೇರಿಗೆ ಹೋಗಿ ಬರುತ್ತಿದ್ದ ಒಬ್ಬ ಮಗ ಅಥವಾ ಮನೆಯ ಹಿರಿಯ. ಗದ್ದೆ ಉತ್ತವರು, ನೇಜಿ ನೆಟ್ಟವರು, ಗೇಣಿ ಅಳೆದವರು ಎಲ್ಲರೂ. ಭೂ ನ್ಯಾಯಮಂಡಳಿಯ ಆದೇಶದಲ್ಲಿ ಹೆಸರು ಒಬ್ಬನದು. ಆ ಕಾಲಕ್ಕೆ ಅದು ಅನುಕೂಲದ ಕ್ರಮವಾಗಿ ಕಂಡಿತು, ಯಾರಲ್ಲೂ ದುರುದ್ದೇಶ ಇದ್ದಿರಲಾರದು. ಮುಂದಿನ ತಲೆಮಾರು ಬಂದಾಗ, ಒಬ್ಬನ ಹೆಸರಿಗೆ ಬಂದ ಅಧಿಭೋಗದ ಹಕ್ಕು ಇಡೀ ಕುಟುಂಬಕ್ಕೆ ಸೇರಿದ್ದೇ ಅಥವಾ ಅವನೊಬ್ಬನಿಗೇ ಎಂಬ ಪ್ರಶ್ನೆ ಹಿಡಿದು ಮುನ್ಸಿಫ್ ಕೋರ್ಟಿನಿಂದ ಹೈಕೋರ್ಟಿನವರೆಗೆ ದಾವೆಗಳು ನಡೆದವು. ಹೆಣ್ಣುಮಕ್ಕಳು, ಊರು ಬಿಟ್ಟು ಮುಂಬೈಗೆ ಹೋಟೆಲು ಕೆಲಸಕ್ಕೆ ಹೋಗಿ ಹಣ ಕಳಿಸಿದ ತಮ್ಮಂದಿರು ಆ ದಾವೆಗಳ ವಾದಿಗಳಾದರು. ಹೆಸರು ಹೆಚ್ಚಾದರೆ ಜಗಳ ಎನ್ನುವವರು ಈ ಜಿಲ್ಲೆಯ ಕೋರ್ಟುಗಳಲ್ಲಿ ಐವತ್ತು ವರ್ಷದಿಂದ ನಡೆದ ಪಾಲಿನ ದಾವೆಗಳ ಮೂಲವನ್ನು ಹುಡುಕಲಿ. ದುಡಿಮೆ ಹಲವರದು, ದಾಖಲೆ ಒಬ್ಬನದು ಎಂಬಲ್ಲಿಂದ ಹುಟ್ಟಿದವು ಅವುಗಳಲ್ಲಿ ಎಷ್ಟಿಲ್ಲ! ಆ ಪಾಠ ಕಣ್ಣೆದುರಿಗಿರುವಾಗ ಅದೇ ತಪ್ಪನ್ನು ಗದ್ದೆಯಿಂದ ಫ್ಲ್ಯಾಟಿಗೆ ತಂದು ಅದಕ್ಕೆ ಜಾಣತನ ಎಂದು ಹೆಸರಿಡುವುದನ್ನು ಒಪ್ಪಲಾಗದು.

ವ್ಯವಹಾರದ ತೊಡಕುಗಳನ್ನು ಹೇಳುವವರಿಗೂ ಉತ್ತರ ಕೊಡಬೇಕು. ಮಾರುವಾಗ ಎಲ್ಲರ ಸಹಿ ಬೇಕು, ಒಬ್ಬ ಒಪ್ಪದಿದ್ದರೆ ವ್ಯವಹಾರ ನಿಲ್ಲುತ್ತದೆ ಎನ್ನುತ್ತಾರೆ. ಹೌದು, ನಿಲ್ಲಬೇಕಾದದ್ದೇ. ಹಣ ಹಾಕಿದವನನ್ನು ಕೇಳದೆ ಮನೆ ಮಾರಲು ಆಗಬಾರದು ಎಂಬುದೇ ಒಡೆತನದ ಅರ್ಥ. ಹಟಕ್ಕೆ ಬಿದ್ದವನಿಂದ ಬಿಡುಗಡೆಗೂ ದಾರಿಯುಂಟು. 1893ರ ವಿಭಜನಾ ಕಾಯ್ದೆಯ ಪ್ರಕಾರ, ಹಂಚಲಾಗದ ಮನೆಯನ್ನು ಮಾರಿ ಹಣ ಹಂಚುವಂತೆ ಕೋರ್ಟು ಆದೇಶಿಸಬಹುದು. ಕುಟುಂಬದ ವಾಸದ ಮನೆಯ ಪಾಲನ್ನು ಹೊರಗಿನವನು ಕೊಂಡು ಪಾಲು ಕೇಳಿ ಬಂದರೆ ಅದನ್ನು ಬೆಲೆ ಕೊಟ್ಟು ಕೊಳ್ಳುವ ಅವಕಾಶ ಮನೆಯವರಿಗಿದೆ. ಹಂಚಿನ ಮನೆಯ ಜಾಗವನ್ನು ಬಿಲ್ಡರಿಗೆ ಕೊಡುವಾಗ ಇದೇ ಕುಟುಂಬಗಳು ಮದುವೆಯಾಗಿ ಹೋದ ಅಕ್ಕಂದಿರನ್ನೂ ವಿದೇಶದಲ್ಲಿರುವ ತಮ್ಮಂದಿರನ್ನೂ ಹುಡುಕಿ ಸಹಿ ಹಾಕಿಸುತ್ತವೆ, ಬಿಲ್ಡರ್ ಬಿಡುವುದಿಲ್ಲ. ಬಿಟ್ಟುಕೊಡುವಾಗ ಎಲ್ಲರ ಹೆಸರನ್ನೂ ಕೂಡಿಸಲು ಸಾಧ್ಯವಾಗುವುದಾದರೆ ಪಡೆಯುವಾಗಲೂ ಸಾಧ್ಯ. ಒಂದು ವಿಷಯದಲ್ಲಿ ಮಾತ್ರ ಎದುರಾಳಿಗಳ ಎಚ್ಚರಿಕೆ ಸರಿ: ಅಪ್ರಾಪ್ತ ಮಕ್ಕಳ ಹೆಸರನ್ನು ಪ್ರೀತಿಗಾಗಿ ಸೇರಿಸಬಾರದು. ಹಿಂದೂ ಕುಟುಂಬದಲ್ಲಿ ಅವರ ಪಾಲನ್ನು ಮಾರಲು ಪೋಷಕರು ಕೋರ್ಟಿನ ಅನುಮತಿ ತರಬೇಕಾಗುತ್ತದೆ, ಮಕ್ಕಳು ಹಣ ಹಾಕಿದವರೂ ಅಲ್ಲ.

ಇನ್ನು ನಂಬಿಕೆಯ ಮಾತು. ಮನೆಯೊಳಗೆ ಲೆಕ್ಕ ಬರೆದರೆ ಪ್ರೀತಿ ಕೆಡುತ್ತದೆಯಂತೆ. ಕರಾವಳಿಯ ಬದುಕು ಇದಕ್ಕೆ ಪೂರ್ತಿ ವಿರುದ್ಧವಾದ ಸಾಕ್ಷಿ ಹೇಳುತ್ತದೆ. ಕುಟುಂಬದ ದೈವಸ್ಥಾನದ ಜೀರ್ಣೋದ್ಧಾರಕ್ಕೆ ಕವರು ಕವರಿನಿಂದ ವಂತಿಗೆ ಎತ್ತುವಾಗ ರಶೀದಿ ಹರಿಯುತ್ತಾರೆ, ಲೆಕ್ಕವನ್ನು ಸಭೆಯಲ್ಲಿ ಓದಿ ಹೇಳುತ್ತಾರೆ; ಇದರಿಂದ ದೈವಕ್ಕಾಗಲಿ ಕುಟುಂಬಕ್ಕಾಗಲಿ ಅವಮಾನವಾಯಿತೆಂದು ಯಾರೂ ಹೇಳಿದ್ದಿಲ್ಲ. ದೇಶಕ್ಕೇ ಪಿಗ್ಮಿ ಠೇವಣಿಯನ್ನು ಕಲಿಸಿದ್ದು ಈ ಸೀಮೆ. 1928ರಲ್ಲಿ ಉಡುಪಿಯ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದದ್ದು, ದಿನಕ್ಕೆ ಎರಡಾಣೆ ಹಾಕುವ ಬಡವರ ಹೆಸರನ್ನೂ ಪುಸ್ತಕದಲ್ಲಿ ಬರೆದುಕೊಂಡಿತು. ಮನೆಬಾಗಿಲಿಗೆ ಬರುವ ಏಜೆಂಟ್ ಆ ಎರಡಾಣೆಗೂ ಗು‌ರುತು ಹಾಕಿ ಹೋಗುತ್ತಿದ್ದುದರಿಂದಲೇ ಜನ ಅವನನ್ನು ನಂಬಿದರು. ಬರೆದದ್ದರಿಂದ ಬೆಳೆದ ನಂಬಿಕೆ ಅದು. ಕುಟುಂಬದೊಳಗೂ ಸಂಶಯ ಹುಟ್ಟುವುದು ಬರೆದ ದಿನವಲ್ಲ, ಹತ್ತು ವರ್ಷದ ಮೇಲೆ ನೆನಪುಗಳು ಒಂದಕ್ಕೊಂದು ತಾಳೆಯಾಗದ ದಿನ. ನೀನು ಕೊಟ್ಟದ್ದು ಮೂರು ಲಕ್ಷ, ಅಲ್ಲ ಐದು; ಅದು ಮನೆಗೆ ಕೊಟ್ಟದ್ದು, ಅಲ್ಲ ಅಕ್ಕನ ಮದುವೆಗೆ. ಇಬ್ಬರೂ ಸತ್ಯವನ್ನೇ ಹೇಳುತ್ತಿದ್ದೇವೆಂದು ನಂಬಿರುತ್ತಾರೆ, ಅಲ್ಲಿಂದ ಮುಂದೆ ಮಾತು ನಿಲ್ಲುತ್ತದೆ.

ಎರಡು ಲಕ್ಷ ಕೊಟ್ಟವನನ್ನೂ ಮಾಲೀಕನನ್ನಾಗಿ ಮಾಡಬೇಕೇ ಎಂಬ ಪ್ರಶ್ನೆ ನ್ಯಾಯವಾದದ್ದು. ಮಾಡಲೇಬೇಕೆಂದಿಲ್ಲ. ಆದರೆ ಆ ಎರಡು ಲಕ್ಷ ಏನೆಂಬುದು ಕೊಟ್ಟ ದಿನವೇ ಇತ್ಯರ್ಥವಾಗಬೇಕು: ಮನೆಯಲ್ಲಿ ಪಾಲು, ತೀರಿಸಬೇಕಾದ ಕೈಸಾಲ, ಅಥವಾ ಪ್ರೀತಿಯಿಂದ ಕೊಟ್ಟ ಉಡುಗೊರೆ. ಈ ಇತ್ಯರ್ಥ ಆಗದ ಹಣವೇ ಮುಂದೆ ವಿಷವಾಗುತ್ತದೆ. ಪಾಲಾದರೆ 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 45ನೇ ಕಲಮು ಸೊಗಸಾದ ಉತ್ತರ ಕೊಟ್ಟಿದೆ: ಹಲವರು ಸೇರಿ ಕೊಂಡಾಗ ಪ್ರತಿಯೊಬ್ಬರ ಪಾಲೂ ಅವರವರು ಹಾಕಿದ ಹಣದ ಪ್ರಮಾಣದಲ್ಲಿ. ಯಾರು ಎಷ್ಟು ಹಾಕಿದರೆಂಬುದಕ್ಕೆ ಪುರಾವೆ ಇಲ್ಲದಿದ್ದರೆ ಎಲ್ಲರಿಗೂ ಸಮಪಾಲು ಎಂದು ಕಾನೂನು ಊಹಿಸುತ್ತದೆ, ಆದ್ದರಿಂದ ಹೆಸರಿನ ಜೊತೆ ಅಂಕಿಯನ್ನೂ ಬರೆಯುವುದು ಒಳಿತು. ಕೈಸಾಲವಾದರೆ ಬ್ಯಾಂಕಿನ ಮೂಲಕ ಕೊಟ್ಟು ಪ್ರಾಮಿಸರಿ ನೋಟು ಬರೆಸಿಕೊಳ್ಳಬೇಕು. ಇಂಥ ಸಾಲ ವಸೂಲಿಗೆ ದಾವೆ ಹೂಡುವ ಅವಧಿ ಸಾಮಾನ್ಯವಾಗಿ ಮೂರೇ ವರ್ಷ. ಅದರೊಳಗೆ ಸಾಲಗಾರ ಲಿಖಿತವಾಗಿ ಒಪ್ಪಿಕೊಂಡರೆ ಅವಧಿ ಹೊಸದಾಗಿ ಶುರುವಾಗುತ್ತದೆ. ಮನೆಯವನಲ್ಲವೇ, ನಿಧಾನಕ್ಕೆ ಕೊಡಲಿ ಎಂದು ಐದು ವರ್ಷ ಸುಮ್ಮನಿದ್ದವನ ಹಣ ಕಾನೂನಿನ ಕಣ್ಣಲ್ಲಿ ಆಗಲೇ ಹೋಗಿರುತ್ತದೆ. ವಯಸ್ಸಾದ ತಂದೆತಾಯಿಗಂತೂ ಇದು ಇನ್ನೂ ಮುಖ್ಯ. ತಮ್ಮನ್ನು ನೋಡಿಕೊಳ್ಳುವ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು ಹಿಂಪಡೆಯಲು 2007ರ ಹಿರಿಯ ನಾಗರಿಕರ ಕಾಯ್ದೆ ದಾರಿ ಮಾಡಿದೆ, ಆದರೆ ಅಂಥ ಷರತ್ತು ಇತ್ತೆಂದು ತೋರಿಸಬೇಕಾಗುತ್ತದೆ ಎಂದು ಸುಪ್ರೀಂ ಕೋರ್ಟು 2022ರಲ್ಲಿ ಹೇಳಿತು. ಮಗನ ಖಾತೆಗೆ ಸುಮ್ಮನೆ ವರ್ಗಾಯಿಸಿದ ಗ್ರಾಚ್ಯುಟಿಯಲ್ಲಿ ಷರತ್ತನ್ನು ಎಲ್ಲಿ ಹುಡುಕುವುದು?

ಕೊನೆಯ ಆಕ್ಷೇಪ ಗಲ್ಫಿನವರದು: ರಿಜಿಸ್ಟ್ರೇಷನ್ನಿಗೆ ಊರಿಗೆ ಬರಲು ರಜೆಯಿಲ್ಲ, ಹಾಗಾಗಿ ಅಣ್ಣನ ಹೆಸರಿಗೆ ಮಾಡಿಸಿದೆವು. ಅನಿವಾಸಿ ಭಾರತೀಯರು ಇಲ್ಲಿ ಮನೆ ಕೊಳ್ಳಲು ಅಡ್ಡಿಯಿಲ್ಲ, ಕೃಷಿಭೂಮಿಗೆ ಮಾತ್ರ ನಿರ್ಬಂಧ. ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿದ ಅಧಿಕಾರ ಪತ್ರ ಕಳಿಸಿದರೆ ಅವರ ಪರವಾಗಿ ಅಪ್ಪನೋ ಹೆಂಡತಿಯೋ ಸಹಿ ಹಾಕಬಹುದು, ಹೆಸರು ಅವರದೇ ಬರುತ್ತದೆ. ಹಣವನ್ನು ಅಣ್ಣನ ಖಾತೆಗೆ ಹಾಕದೆ ತಮ್ಮ ಎನ್‌ಆರ್‌ಇ ಅಥವಾ ಎನ್‌ಆರ್‌ಒ ಖಾತೆಯಿಂದಲೇ ಮಾರುವವರಿಗೆ ಕೊಟ್ಟರೆ ಪುರಾವೆಯೂ ತಾನಾಗಿ ಉಳಿಯುತ್ತದೆ. ಕ್ರಯಪತ್ರದಲ್ಲಿ ಪ್ರತಿಫಲದ ವಿವರ ಬರೆಯುವ ಕಡೆ ಯಾವ ಖಾತೆಯಿಂದ ಯಾವ ದಿನಾಂಕ ಎಷ್ಟು ಸಂದಾಯವಾಯಿತು ಎಂದು ಒಂದೊಂದಾಗಿ ಬರೆಯಿರಿ ಎಂದು ದಸ್ತಾವೇಜು ಬರಹಗಾರರಿಗೆ ಹೇಳಬೇಕು. ಸಾಲಕ್ಕೆ ಸಹ ಅರ್ಜಿದಾರರ ಸಹಿ ಪಡೆಯುವ ಬ್ಯಾಂಕುಗಳೂ, ಈ ಮನೆಯ ಕ್ರಯಪತ್ರದಲ್ಲಿ ನಿಮ್ಮ ಹೆಸರಿಲ್ಲ ಎಂಬುದನ್ನು ಅವರಿಗೆ ತಿಳಿಯುವ ಭಾಷೆಯಲ್ಲಿ ಬರೆದುಕೊಟ್ಟು ಸಹಿ ಪಡೆಯುವಂತಾಗಬೇಕು. ರಿಸರ್ವ್ ಬ್ಯಾಂಕು ಒಂದು ಸುತ್ತೋಲೆ ಹೊರಡಿಸಿದರೆ ಆಗುವ ಕೆಲಸವಿದು. ಈಗಾಗಲೇ ಒಂದು ಹೆಸರಿನಲ್ಲಿ ಮನೆ ಮಾಡಿ ಆಗಿದೆ ಎನ್ನುವವರಿಗೂ ದಾರಿ ಮುಚ್ಚಿಲ್ಲ. ಹತ್ತಿರದ ಕುಟುಂಬಸ್ಥರ ನಡುವಿನ ದಾನಪತ್ರಕ್ಕೆ ಕರ್ನಾಟಕದಲ್ಲಿ ಮಾರುಕಟ್ಟೆ ಮೌಲ್ಯದ ಶೇಕಡಾ ಲೆಕ್ಕದ ಮುದ್ರಾಂಕವಿಲ್ಲ, ನಿಗದಿಯಾದ ಸಣ್ಣ ಮೊತ್ತ ಸಾಕು. ಸಾಲ ನಡೆಯುತ್ತಿದ್ದರೆ ಬ್ಯಾಂಕಿನ ಲಿಖಿತ ಒಪ್ಪಿಗೆ ಮೊದಲು ಪಡೆಯಬೇಕು. ಹೆಂಡತಿಗೆ, ತಮ್ಮನಿಗೆ, ಅಪ್ಪನಿಗೆ ಅವರವರು ಹಾಕಿದ ಹಣಕ್ಕೆ ಸರಿಯಾದ ಪಾಲನ್ನು ಹಾಗೆ ಬರೆದುಕೊಟ್ಟು ಪಾಲಿಕೆಯ ಆಸ್ತಿ ಖಾತೆಯಲ್ಲೂ ಹೆಸರು ಸೇರಿಸಬಹುದು. ಕಂತು ಮುಗಿಯಲಿ, ಆಮೇಲೆ ನೋಡೋಣ ಎಂದು ಇಪ್ಪತ್ತು ವರ್ಷ ಮುಂದೂಡುವುದಕ್ಕೆ ಕಾರಣವಿಲ್ಲ, ಬರೆದುಕೊಡಬೇಕಾದವನು ಬದುಕಿದ್ದು ಮನಸ್ಸು ಒಳ್ಳೆಯದಿರುವಾಗಲೇ ಇದು ಆಗಬೇಕು.